ಆಡ್ರಿಯಾಟಿಕ್ ತೀರದ ಎರಡು ಔಷಧಿಗಳು

ಸ್ತನ ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿಯಲ್ಲಿ ‘ಎ.ಸಿ.’ ಎಂಬ ಜೋಡಿಯೊಂದಿದೆ. ಎ ಎಂದರೆ ಆಡ್ರಿಯಾಮೈಸಿನ್, ಸಿ ಎಂದರೆ ಸೈಕ್ಲೋಫಾಸ್ಫಮೈಡ್. ನನ್ನ ಅಮ್ಮನಿಗೆ ಈಗ ನಡೆಯುತ್ತಿರುವುದು ಇದೇ. 21 ದಿನಕ್ಕೊಮ್ಮೆಯಂತೆ 4 ಸಲ, ಮೂರು ಮುಗಿದಿವೆ. ಡ್ರಿಪ್ ಇಳಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಿರುವಾಗ, ಇತಿಹಾಸದ ವಿದ್ಯಾರ್ಥಿಯಾದ ನಾನು ಈ ಎರಡು ಹೆಸರುಗಳ ಬೆನ್ನು ಹತ್ತಿದೆ. ಎರಡರ ಜಾಡೂ ಇಟಲಿಯ ಒಂದೇ ಪ್ರಾಂತ್ಯಕ್ಕೆ ಹೋಯಿತು: ಆಡ್ರಿಯಾಟಿಕ್ ಸಮುದ್ರದ ದಂಡೆಯ ಅಪೂಲಿಯಾ.

ಆಡ್ರಿಯಾಮೈಸಿನ್‌ನ ಕಥೆ ಸರಳ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ ಎಂಟು ಮೂಲೆಯ ಕೋಟೆ, ಕಾಸ್ಟೆಲ್ ಡೆಲ್ ಮೋಂಟೆ, ಅಪೂಲಿಯಾದಲ್ಲಿದೆ. 1950ರ ದಶಕದಲ್ಲಿ ಅದರ ಸುತ್ತಲಿನ ಮಣ್ಣಿನಲ್ಲಿ ಕೆಂಪು ಬಣ್ಣ ತಯಾರಿಸುವ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರು ಅದರಿಂದ ಮೊದಲು ಡೌನೊರುಬಿಸಿನ್ ತೆಗೆದರು. 1960ರ ದಶಕದ ಕೊನೆಗೆ ಅದೇ ಜೀವಿಯ ಬದಲಾದ ತಳಿಯಿಂದ ಇನ್ನೊಂದು ಔಷಧಿ ಬಂತು. ಅದಕ್ಕೆ ಪಕ್ಕದ ಸಮುದ್ರದ ಹೆಸರನ್ನೇ ಇಟ್ಟರು. ವಾರ್ಡಿನಲ್ಲಿ ಎಲ್ಲರೂ ಅದನ್ನು ‘ಕೆಂಪು ಇಂಜೆಕ್ಷನ್’ ಅನ್ನುತ್ತಾರೆ.

ಸೈಕ್ಲೋಫಾಸ್ಫಮೈಡ್‌ನ ಕಥೆಗೆ ಯುದ್ಧದ ಹಿನ್ನೆಲೆಯಿದೆ. 1943ರ ಡಿಸೆಂಬರ್ 2ರ ರಾತ್ರಿ ಜರ್ಮನ್ ವಿಮಾನಗಳು ಅಪೂಲಿಯಾದ ಬಾರಿ ಎಂಬ ಬಂದರಿನ ಮೇಲೆ ಬಾಂಬು ಹಾಕಿದವು. ಮುಳುಗಿದ ಮಿತ್ರಪಕ್ಷದ ಹಡಗುಗಳಲ್ಲಿ ‘ಜಾನ್ ಹಾರ್ವಿ’ ಒಂದು. ಅದರೊಳಗೆ ಸಾಸಿವೆ ಅನಿಲ ತುಂಬಿದ 2,000 ಬಾಂಬುಗಳಿದ್ದವು. ಅದು ಸೇನಾ ರಹಸ್ಯ; ಹಡಗಿನಲ್ಲಿದ್ದು ವಿಷಯ ಗೊತ್ತಿದ್ದವರು ಸ್ಫೋಟದಲ್ಲೇ ಸತ್ತರು. ವಿಷ ಬೆರೆತ ಎಣ್ಣೆಯಲ್ಲಿ ಈಜಿ ಬಂದ ನಾವಿಕರನ್ನು ಆಸ್ಪತ್ರೆಯವರು ಕಂಬಳಿ ಹೊದಿಸಿ, ಒದ್ದೆ ಬಟ್ಟೆಯಲ್ಲೇ ಕೂರಿಸಿದರು. ತಣ್ಣಗಾದ ಮೈಗೆ ಬೆಚ್ಚಗೆ ಮಾಡುವುದು ಸಹಜ ಉಪಚಾರ. ಆದರೆ ಅವರಿಗೆ ಬೇಕಿದ್ದದ್ದು ತಕ್ಷಣ ಬಟ್ಟೆ ಬಿಚ್ಚಿ ಮೈ ತೊಳೆಯುವುದು. ಆಸ್ಪತ್ರೆ ಸೇರಿದ 600ಕ್ಕೂ ಹೆಚ್ಚು ಗಾಯಾಳುಗಳಲ್ಲಿ 83 ಮಂದಿ ಆ ತಿಂಗಳಲ್ಲೇ ತೀರಿಕೊಂಡರು. ಊರಿನ ನಾಗರಿಕರನ್ನು ಸರಿಯಾಗಿ ಎಣಿಸಿದವರೇ ಇಲ್ಲ.

ತನಿಖೆಗೆ ಬಂದ ಅಮೆರಿಕದ ಸೇನಾ ವೈದ್ಯ ಸ್ಟೂವರ್ಟ್ ಅಲೆಕ್ಸಾಂಡರ್, ಇದು ಸಾಸಿವೆ ಅನಿಲದ ಕೆಲಸ ಎಂದು ಗುರುತಿಸಿದ. ರೋಗಿಗಳ ಬಿಳಿ ರಕ್ತಕಣ ಕುಸಿದಿರುವುದನ್ನೂ ಬರೆದಿಟ್ಟ. ವೇಗವಾಗಿ ಬೆಳೆಯುವ ಕಣಗಳನ್ನು ಈ ವಿಷ ಕೊಲ್ಲುವುದಾದರೆ ಕ್ಯಾನ್ಸರ್ ಕಣಗಳನ್ನೂ ಕೊಲ್ಲಬಹುದಲ್ಲ? ಕೀಮೋಥೆರಪಿ ಬಾರಿಯಲ್ಲಿ ಹುಟ್ಟಿತು ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. 1942ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಅದೇ ಬಳಗದ ನೈಟ್ರೋಜನ್ ಮಸ್ಟರ್ಡನ್ನು ಒಬ್ಬ ರೋಗಿಗೆ ಕೊಟ್ಟು ನೋಡಿದ್ದರು. ಇತಿಹಾಸದಲ್ಲಿ ಆತ ಬರೀ ‘ಜೆ.ಡಿ.’. ಗೆಡ್ಡೆಗಳು ಕರಗಿದವು, ಮತ್ತೆ ಬಂದವು, ಆತ ಉಳಿಯಲಿಲ್ಲ. ಯುದ್ಧದ ಗೋಪ್ಯತೆಯಿಂದಾಗಿ ಆ ಪ್ರಯೋಗ 1946ರವರೆಗೆ ಪ್ರಕಟವಾಗಲಿಲ್ಲ. ಅದೇ ಬಳಗದಿಂದ 1950ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದದ್ದು ಸೈಕ್ಲೋಫಾಸ್ಫಮೈಡ್.

ಅಲೆಕ್ಸಾಂಡರನ ವರದಿಯನ್ನು ಚರ್ಚಿಲ್ ಒಪ್ಪಲಿಲ್ಲ. ಬ್ರಿಟಿಷ್ ದಾಖಲೆಗಳಲ್ಲಿ ಅನಿಲದ ಬದಲು ಶತ್ರುವಿನ ದಾಳಿಯಿಂದಾದ ಸುಟ್ಟಗಾಯ ಎಂದು ನಮೂದಾಯಿತು. ಬದುಕುಳಿದವರಿಗೆ ಬ್ರಿಟಿಷ್ ಸರ್ಕಾರ ನಿಜ ಒಪ್ಪಿಕೊಂಡು ಪಿಂಚಣಿ ಸರಿಪಡಿಸಿದ್ದು 1986ರಲ್ಲಿ, 43 ವರ್ಷಗಳ ಮೇಲೆ.

ಇದನ್ನೆಲ್ಲ ಓದುತ್ತಿದ್ದಾಗಲೇ ನಮ್ಮ ಮನೆಯಲ್ಲೂ ಒಂದು ಗುಟ್ಟಿನ ಮಾತು ನಡೆದಿತ್ತು. ಬಯಾಪ್ಸಿ ವರದಿ ಬಂದ ದಿನ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, “ಅಕ್ಕನಿಗೆ ಕ್ಯಾನ್ಸರ್ ಅನ್ನಬೇಡ ಕಣೋ. ಗಂಟು ಅಂತಷ್ಟೇ ಹೇಳು. ಹೆದರಿಕೊಂಡರೆ ಅರ್ಧ ಜೀವ ಅಲ್ಲೇ ಹೋಗುತ್ತೆ” ಎಂದರು. ಮಾವನ ಮಾತಿನಲ್ಲಿ ಪ್ರೀತಿ ಇತ್ತು, ಚರ್ಚಿಲ್‌ನ ಲೆಕ್ಕಾಚಾರ ಇರಲಿಲ್ಲ. ಆದರೂ ಮುಚ್ಚಿಟ್ಟ ಸುದ್ದಿಯ ಬೆಲೆ ತೆರುವುದು ಮೈ. ಕೆಂಪು ಇಂಜೆಕ್ಷನ್ ಆದ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಗೊತ್ತಿಲ್ಲದವರು ರಕ್ತವೆಂದು ಬೆಚ್ಚುತ್ತಾರೆ. ಬಿಳಿ ಕಣ ಇಳಿದ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಆಗಲೇ ಆಸ್ಪತ್ರೆಗೆ ಓಡಬೇಕು. ಅಮ್ಮನಿಗೆ ಜ್ವರ ಬಂದರೆ ಮೆಣಸಿನ ಕಷಾಯ ಕುಡಿದು, ಕಂಬಳಿ ಹೊದ್ದು, ಬೆಳಿಗ್ಗೆವರೆಗೆ ಯಾರಿಗೂ ಹೇಳದೆ ಮಲಗುವುದು ರೂಢಿ.

ಮೊದಲ ಸೈಕಲ್‌ಗೆ ಮುಂಚೆ ವೈದ್ಯರ ಎದುರಿಗೇ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೀ ಗಂಟಿಗೆ ಇಷ್ಟೊಂದು ಜನ ಯಾಕೆ ಮನೆಗೆ ಬರ್ತಾರೆ ಅಂದ್ಕೊಂಡಿದ್ದೆ” ಎಂದರು. ಆಮೇಲೆ ಅತ್ತರು. ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮಾವ ಇಂದಿಗೂ ನನ್ನೊಂದಿಗೆ ಅಷ್ಟಕ್ಕಷ್ಟೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಅಮ್ಮ ಈಗ ಬಿಳಿ ಕಣದ ಸಂಖ್ಯೆಯನ್ನೂ ಬರೆಯುತ್ತಾರೆ. ಎರಡನೇ ಸೈಕಲ್‌ನ ಹತ್ತನೇ ದಿನ ನಡುರಾತ್ರಿ ಥರ್ಮಾಮೀಟರ್ ಹಿಡಿದು ನನ್ನನ್ನು ಎಬ್ಬಿಸಿದವರು ಅವರೇ: “101 ಇದೆ. ಏಳು, ಹೋಗೋಣ.” ಮೂರು ದಿನ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದರು. ನಾಲ್ಕನೆಯದು ಮುಂದಿನ ವಾರ.