ಭೇದಿಯಿಂದ ಬಳಲುವ ಮಗುವಿಗೆ ಆಹಾರ: ಮನೆಯ ಧಾನ್ಯಗಳ ಬಳಕೆ ಮತ್ತು ಎಚ್ಚರಿಕೆಗಳು

ಮಗುವಿಗೆ ಭೇದಿ ಪ್ರಾರಂಭವಾದ ಕೂಡಲೇ ಹಾಲು, ಅನ್ನ ಎಲ್ಲವನ್ನೂ ನಿಲ್ಲಿಸಿ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂಬ ನಂಬಿಕೆ ನಮ್ಮ ಗ್ರಾಮಗಳಲ್ಲಿ ಇಂದಿಗೂ ಬಲವಾಗಿದೆ. ಇದು ಹಾನಿಕರವಾದ ರೂಢಿ. ಭೇದಿಯ ಸಮಯದಲ್ಲಿಯೂ ಕರುಳು ಆಹಾರದ ಬಹುಪಾಲನ್ನು ಹೀರಿಕೊಳ್ಳುತ್ತದೆ. ಆಹಾರ ನಿಲ್ಲಿಸಿದರೆ ಮಗುವಿನ ತೂಕ ಇಳಿಯುತ್ತದೆ, ಕರುಳಿನ ಒಳಪದರ ಸರಿಹೋಗಲು ತಡವಾಗುತ್ತದೆ ಮತ್ತು ಮುಂದಿನ ಭೇದಿಗೆ ಮಗು ಇನ್ನಷ್ಟು ಸುಲಭವಾಗಿ ತುತ್ತಾಗುತ್ತದೆ. ಆದ್ದರಿಂದ ರೈತ ಕುಟುಂಬಗಳು ಹಾಗೂ ವಿಸ್ತರಣಾ ಕಾರ್ಯಕರ್ತರು ಮೊದಲು ತಿಳಿಯಬೇಕಾದುದು ಇದು: ಭೇದಿಯಾದ ಮಗುವಿಗೆ ನೀರಿನಂಶವನ್ನೂ ಕೊಡಬೇಕು, ಆಹಾರವನ್ನೂ ಕೊಡಬೇಕು.

ಮೊದಲು ನೀರು, ಲವಣ ಮತ್ತು ಎದೆಹಾಲು

ಭೇದಿಯಲ್ಲಿ ಪ್ರಾಣಾಪಾಯ ತರುವುದು ದೇಹದಿಂದ ನೀರು ಮತ್ತು ಲವಣಗಳ ನಷ್ಟ. ಇದಕ್ಕೆ ಓಆರ್‌ಎಸ್ ದ್ರಾವಣವೇ ಮದ್ದು. 1971ರಲ್ಲಿ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕ ಕುಡಿಸಿ ಸಾವಿನ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದರು. ಇಂದು ಆಶಾ ಕಾರ್ಯಕರ್ತೆಯರ ಬಳಿ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಪೊಟ್ಟಣದ ಮೂಲ ತತ್ತ್ವವೂ ಅದೇ.

ಪೊಟ್ಟಣದ ಪೂರ್ತಿ ಪುಡಿಯನ್ನು ಅದರ ಮೇಲೆ ನಮೂದಿಸಿದಷ್ಟೇ ನೀರಿಗೆ (ದೊಡ್ಡ ಪೊಟ್ಟಣಕ್ಕೆ 1 ಲೀಟರ್), ಕುದಿಸಿ ಆರಿಸಿದ ನೀರಿಗೆ, ಬೆರೆಸಬೇಕು. ಅರ್ಧ ಪುಡಿ, ಅಂದಾಜು ನೀರು ಎಂಬ ಲೆಕ್ಕ ಕೂಡದು. ಲವಣ ಹೆಚ್ಚಾದರೂ ಅಪಾಯ. 2 ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ.ನಷ್ಟು ಚಮಚದಿಂದ ನಿಧಾನವಾಗಿ ಕುಡಿಸಿರಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಪ್ರಾರಂಭಿಸಿರಿ. 24 ಗಂಟೆಗಳ ನಂತರ ಉಳಿದ ದ್ರಾವಣವನ್ನು ಚೆಲ್ಲಬೇಕು. ಅಂಗಡಿಯ ಸಿಹಿ ಪಾನೀಯ, ಸೋಡಾ, ಗ್ಲೂಕೋಸ್ ಪುಡಿಯ ನೀರು ಇದಕ್ಕೆ ಬದಲಿಯಲ್ಲ. ಹೆಚ್ಚಿನ ಸಕ್ಕರೆ ಭೇದಿಯನ್ನೇ ಹೆಚ್ಚಿಸುತ್ತದೆ. ಪೊಟ್ಟಣ ಸಿಗುವವರೆಗೆ 1 ಲೀಟರ್ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು.

6 ತಿಂಗಳೊಳಗಿನ ಮಗುವಿಗೆ ಎದೆಹಾಲೇ ಆಹಾರ. ಎಂದಿಗಿಂತ ಹೆಚ್ಚು ಸಲ, ಹೆಚ್ಚು ಹೊತ್ತು ಹಾಲೂಡಿಸಬೇಕು. ಓಆರ್‌ಎಸ್ ಅದರ ಜೊತೆಗೆ, ಅದರ ಬದಲಿಗಲ್ಲ. ಗಂಜಿ, ಹಸುವಿನ ಹಾಲು, ಗ್ರೈಪ್ ವಾಟರ್, ತೇಯ್ದ ಬಜೆ ಇವಾವುದೂ ಬೇಡ. 1 ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು ಅಪಾಯಕರ.

ಸತುವಿನ (ಜಿಂಕ್) ಮಾತ್ರೆಯನ್ನು ಮರೆಯದಿರಿ. 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ., ಅದಕ್ಕಿಂತ ದೊಡ್ಡ ಮಗುವಿಗೆ 20 ಮಿ.ಗ್ರಾಂ.ನಂತೆ, ಭೇದಿ ನಿಂತರೂ ಪೂರ್ತಿ 14 ದಿನ ಕೊಡಬೇಕು. ಭೇದಿ ನಿಲ್ಲಿಸುವ ಮಾತ್ರೆ ಹಾಗೂ ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

6 ತಿಂಗಳು ತುಂಬಿದ ಮಗುವಿಗೆ: ಮೊಳಕೆ ರಾಗಿಯ ಸರಿ

ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರವನ್ನು 3-4 ಗಂಟೆಗೊಮ್ಮೆ, ಅಂದರೆ ದಿನಕ್ಕೆ ಸುಮಾರು 6 ಸಲ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಇಲ್ಲಿ ಒಂದು ತೊಡಕಿದೆ. ಹಿಟ್ಟನ್ನು ಬೇಯಿಸಿದಾಗ ಪಿಷ್ಟ ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತದೆ. ನಿತ್ರಾಣಗೊಂಡ ಮಗು ಗಟ್ಟಿ ಸರಿಯನ್ನು ನುಂಗಲಾರದು. ತಾಯಿ ಅದಕ್ಕೆ ಇನ್ನಷ್ಟು ನೀರು ಬೆರೆಸುತ್ತಾಳೆ. ಆಗ ಬಟ್ಟಲು ತುಂಬಿದ್ದರೂ ಅದರಲ್ಲಿ ಆಹಾರ ಕಡಿಮೆ, ನೀರೇ ಹೆಚ್ಚು. ಮಗುವಿನ ಪುಟ್ಟ ಹೊಟ್ಟೆ ತುಂಬುತ್ತದೆ, ಶಕ್ತಿ ಮಾತ್ರ ಸಿಗುವುದಿಲ್ಲ.

ಮೊಳಕೆ ಬರಿಸಿದ ರಾಗಿ ಈ ತೊಡಕನ್ನು ಪರಿಹರಿಸುತ್ತದೆ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಉತ್ಪತ್ತಿಯಾಗುತ್ತದೆ. ಸಸಿಗೆ ಆಹಾರ ಒದಗಿಸಲು ಪಿಷ್ಟವನ್ನು ಒಡೆಯುವುದು ಅದರ ಕೆಲಸ. ಅದೇ ಕಿಣ್ವ ಪಾತ್ರೆಯಲ್ಲಿಯೂ ಪಿಷ್ಟವನ್ನು ತುಂಡರಿಸುವುದರಿಂದ ಹಿಟ್ಟು ಹೆಚ್ಚಿದ್ದರೂ ಸರಿ ತೆಳ್ಳಗೆ ಉಳಿಯುತ್ತದೆ. ಸಿರಿಧಾನ್ಯಗಳಲ್ಲಿ ರಾಗಿ ಈ ಗುಣದಲ್ಲಿ ಮುಂದಿದೆ. ಜೊತೆಗೆ 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಮಿಕ್ಕಿ ಸುಣ್ಣದ ಅಂಶವಿದೆ. ನಮ್ಮ ಅಜ್ಜಿಯರು ಕಿಣ್ವದ ಹೆಸರು ಅರಿಯದೆಯೇ ಈ ಕ್ರಮವನ್ನು ಪಾಲಿಸಿಕೊಂಡು ಬಂದಿದ್ದರು.

ತಯಾರಿಸುವ ವಿಧಾನ: ಕಲ್ಲು, ಮಣ್ಣು ಆರಿಸಿದ ರಾಗಿಯನ್ನು ಹಲವು ಬಾರಿ ತೊಳೆದು ಸುಮಾರು 12 ಗಂಟೆ ನೆನೆಸಿರಿ. ನೀರು ಬಸಿದು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ 1ರಿಂದ 2 ದಿನ ಇಡಿರಿ. ಆಗಾಗ ನೀರು ಚಿಮುಕಿಸಿರಿ. ಚಿಕ್ಕ ಮೊಳಕೆ ಸಾಕು. ಲೋಳೆ, ಹುಳಿವಾಸನೆ ಅಥವಾ ಬೂಷ್ಟು ಕಂಡರೆ ಇಡೀ ಗಂಟನ್ನು ಎಸೆಯಿರಿ, ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ ತೆಗೆಯಿರಿ. ಹದವಾದ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿರಿ. ಕಪ್ಪಗೆ ಹುರಿದರೆ ಕಿಣ್ವ ನಾಶವಾಗಿ ಶ್ರಮವೆಲ್ಲ ವ್ಯರ್ಥ. ಬೀಸಿ ವಸ್ತ್ರಗಾಳಿ ಮಾಡಿದರೆ ತೌಡು ಕಳೆದು ಮಗುವಿನ ಹೊಟ್ಟೆಗೆ ಹಗುರವಾದ ಹಿಟ್ಟು ದೊರೆಯುತ್ತದೆ. ಇದನ್ನು ಮಗು ಆರೋಗ್ಯವಾಗಿರುವಾಗಲೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು.

ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಕೆಲವು ನಿಮಿಷ ಚೆನ್ನಾಗಿ ಕುದಿಸಿರಿ. ನಿಧಾನವಾಗಿ ಕಾಯಿಸುವುದು ಕಿಣ್ವ ಕೆಲಸ ಮಾಡಲಿಕ್ಕಾಗಿ. ಕುದಿಸುವುದು ಮೊಳಕೆಯ ಸಮಯದಲ್ಲಿ ಬೆಳೆದಿರಬಹುದಾದ ಸೂಕ್ಷ್ಮಜೀವಿಗಳನ್ನು ಕೊಲ್ಲಲಿಕ್ಕಾಗಿ. ಪ್ರತಿ ಬಟ್ಟಲಿಗೆ 1 ಟೀ ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಿದರೆ ಶಕ್ತಿ ಹೆಚ್ಚುತ್ತದೆ. ಹಾಗೆಯೇ ಅಕ್ಕಿ-ಹೆಸರುಬೇಳೆಯ ಮೆತ್ತನೆಯ ಪೊಂಗಲ್, ಮೊಸರನ್ನ, ಕಿವುಚಿದ ಬಾಳೆಹಣ್ಣು ಉತ್ತಮ. ಬಾಳೆಹಣ್ಣು ಶೀತವೆಂದು ದೂರವಿಡುವವರಿದ್ದಾರೆ. ಆದರೆ ಭೇದಿಯಲ್ಲಿ ನಷ್ಟವಾಗುವ ಪೊಟ್ಯಾಸಿಯಂ ಅದರಲ್ಲಿ ಧಾರಾಳವಾಗಿದೆ. ಆಹಾರವನ್ನು ಆಯಾ ಹೊತ್ತಿಗೆ ಮಾಡಿ ಬಟ್ಟಲು-ಚಮಚದಲ್ಲಿ ತಿನ್ನಿಸಿರಿ. ಹಾಲಿನ ಬಾಟಲಿ ಬೇಡ.

ಕಾಳು ಮತ್ತು ನೀರಿನ ಬಗ್ಗೆ ವಿಶೇಷ ಎಚ್ಚರಿಕೆ

ಮೊಳಕೆ ಚೆನ್ನಾಗಿ ಬರುತ್ತದೆಂದು ಬಿತ್ತನೆಗೆ ತಂದು ಉಳಿದ ರಾಗಿ ಬೀಜವನ್ನು ಎಂದಿಗೂ ಬಳಸಬೇಡಿ. ಬಿತ್ತನೆ ಬೀಜವನ್ನು ಕಾರ್ಬೆಂಡಾಜಿಮ್, ಥೈರಾಮ್, ಕ್ಯಾಪ್ಟಾನ್‌ನಂತಹ ಶಿಲೀಂಧ್ರನಾಶಕಗಳಿಂದ ಉಪಚರಿಸಿರುತ್ತಾರೆ. ಬಣ್ಣ ಕಾಣದಿದ್ದರೂ ವಿಷ ಇರಬಹುದು, ಮತ್ತು ತೊಳೆದ ಮಾತ್ರಕ್ಕೆ ಬೀಜ ಆಹಾರಕ್ಕೆ ಯೋಗ್ಯವಾಗುವುದಿಲ್ಲ. ಕೊಯ್ಲಿನಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ರಾಗಿಯನ್ನೂ ಮಗುವಿಗೆ ಉಪಯೋಗಿಸಬಾರದು. ಮನೆಬಳಕೆಯ ರಾಗಿಯನ್ನು ತೇವಾಂಶ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ, ಪ್ರತ್ಯೇಕ ಚೀಲದಲ್ಲಿ ಗುರುತು ಹಾಕಿ ಇಡಿರಿ. ಔಷಧಿ ಅಳೆಯುವ ಮುಚ್ಚಳ, ಲೋಟಗಳು ಎಷ್ಟು ತೊಳೆದರೂ ಅಡುಗೆಮನೆಗೆ ಬರಕೂಡದು.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿಯ ಸಮೀಪದ ಹಾಗೂ ಹೆಚ್ಚು ಯೂರಿಯಾ ಬಳಸುವ ತೋಟದ ಬಾವಿಗಳಲ್ಲಿ ಇದು ಮಿತಿಮೀರಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಮಿತಿ ಲೀಟರಿಗೆ 45 ಮಿ.ಗ್ರಾಂ. ಎಳೆಯ ಮಕ್ಕಳಲ್ಲಿ, ವಿಶೇಷವಾಗಿ ಭೇದಿಯಿರುವಾಗ, ನೈಟ್ರೇಟ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ ತುಟಿ, ಉಗುರು ನೀಲಿಗಟ್ಟಿಸಬಹುದು. ಇಂತಹ ಬಾವಿಯ ನೀರನ್ನು ಪರೀಕ್ಷೆ ಮಾಡಿಸುವವರೆಗೆ ಮಗುವಿಗೆ ಬಳಸಬೇಡಿ.

ತಡಮಾಡದೆ ಆಸ್ಪತ್ರೆಗೆ

2 ತಿಂಗಳೊಳಗಿನ ಮಗುವಿಗೆ ಭೇದಿಯಾದರೆ ಮನೆಯಲ್ಲಿ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ದೊಡ್ಡ ಮಗುವಾದರೆ ಕಣ್ಣು ಗುಳಿಬೀಳುವುದು, 6 ಗಂಟೆ ಮೂತ್ರವಾಗದಿರುವುದು, ಮಂಪರು, ಕುಡಿಯಲಾಗದಿರುವುದು, ನಿಲ್ಲದ ವಾಂತಿ, ಮಲದಲ್ಲಿ ರಕ್ತ, ತೀವ್ರ ಜ್ವರ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿರಿ. ದಾರಿಯಲ್ಲಿಯೂ ಮಗುವಿಗೆ ಎಚ್ಚರವಿದ್ದು ಕುಡಿಯುವಂತಿದ್ದರೆ ಓಆರ್‌ಎಸ್ ಕುಡಿಸುತ್ತಿರಿ. "ಹಲ್ಲು ಬರುವ ಭೇದಿ, ತಾನಾಗಿ ನಿಲ್ಲುತ್ತದೆ" ಎಂದು ಕಾಯುವುದು ಸಲ್ಲದು.

ಭೇದಿ ನಿಂತ ಮೇಲೆ ಕನಿಷ್ಠ 2 ವಾರಗಳ ಕಾಲ ದಿನಕ್ಕೆ ಒಂದು ಊಟ ಹೆಚ್ಚಾಗಿ ಕೊಟ್ಟು, ಅಂಗನವಾಡಿಯಲ್ಲಿ ಮಗುವಿನ ತೂಕ ಮಾಡಿಸಿರಿ.