ಎಗುಸಾ ತಕಾಶಿಗೆ: ಜಪಾನೀ ನೌಕಾಬಲದ ಒಬ್ಬ ಡೈವ್ ಬಾಂಬರ್ ನಾಯಕನ ಯುದ್ಧಚರಿತ್ರೆ

ಪೆಸಿಫಿಕ್ ಯುದ್ಧವನ್ನು ಕುರಿತು ಬರೆದವರು ಸಾಮಾನ್ಯವಾಗಿ ಯಮಮೊಟೊ, ನಾಗುಮೊ ಮೊದಲಾದ ಸೇನಾಪತಿಗಳ ಸಂಕಲ್ಪವನ್ನೋ ಹಡಗುಗಳ ಸಂಖ್ಯಾಬಲವನ್ನೋ ವಿವೇಚಿಸುವುದುಂಟು. ಆದರೆ ಮೊದಲ ತಿಂಗಳುಗಳಲ್ಲಿ ಜಪಾನಿಗೆ ದೊರೆತ ವಿಜಯಪರಂಪರೆಯ ಬಹುಭಾಗವು ಅಲ್ಪಸಂಖ್ಯಾತರಾದ ನೌಕಾವೈಮಾನಿಕರ ದೀರ್ಘಾಭ್ಯಾಸದ ಫಲವಾಗಿತ್ತೆಂಬುದು ಎಗುಸಾ ತಕಾಶಿಗೆಯ ಸೇವಾಚರಿತ್ರೆಯಿಂದ ವಿಶದವಾಗುತ್ತದೆ.

1909ರಲ್ಲಿ ಹಿರೋಶಿಮಾ ಪ್ರಾಂತದಲ್ಲಿ ಜನಿಸಿ, ಎತಾಜಿಮಾದ ನೌಕಾವಿದ್ಯಾಲಯದಿಂದ 1930ರಲ್ಲಿ ತೇರ್ಗಡೆಯಾದ ಈತನು, ಚೀನಾದ ಯುದ್ಧದಲ್ಲಿ ಅನುಭವ ಪಡೆದು, 1941ರಲ್ಲಿ ‘ಸೋರ್ಯು’ ಎಂಬ ವಿಮಾನವಾಹಕ ನೌಕೆಯ ದಳನಾಯಕನಾದನು. ಈತನ ವಾಹನವಾದ ಐಚಿ 99ನೆಯ ಮಾದರಿಯ ಡೈವ್ ಬಾಂಬರ್, ಚಕ್ರಗಳನ್ನು ಒಳಕ್ಕೆಳೆದುಕೊಳ್ಳಲಾರದ, ಇಬ್ಬರು ಕುಳಿತುಕೊಳ್ಳುವ ವಿಮಾನ. ಸುಮಾರು ಮೂರು ಸಾವಿರ ಮೀಟರ್ ಎತ್ತರದಿಂದ ಅದು ಕಡಿದಾಗಿ ಕೆಳಗಿಳಿಯುವಾಗ ರೆಕ್ಕೆಯಡಿಯ ತಡೆಪಟ್ಟಿಗಳು ವೇಗವನ್ನು ಹಿಡಿದಿಡುತ್ತಿದ್ದವು. ಹೊಟ್ಟೆಯಡಿಯ 250 ಕಿಲೋ ಬಾಂಬನ್ನು, ಅದು ತಿರುಗುವ ಪ್ರೊಪೆಲರಿಗೆ ತಾಗದಂತೆ, ಒಂದು ತೂಗುಗೈ ಮುಂದಕ್ಕೆ ಚಾಚಿ ಬಿಡುತ್ತಿತ್ತು. ಬಿಡುವ ಕ್ಷಣವನ್ನು ನಿಶ್ಚಯಿಸಬೇಕಾದವನು ಮಾತ್ರ ಚಾಲಕನೇ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಬಂದ ಎರಡನೆಯ ಅಲೆಯ 78 ಡೈವ್ ಬಾಂಬರುಗಳಿಗೆ ಎಗುಸಾ ನಾಯಕನಾಗಿದ್ದನು. ಇವುಗಳ ಮುಖ್ಯ ಗುರಿಯಾಗಬೇಕಿದ್ದ ಅಮೆರಿಕದ ವಿಮಾನವಾಹಕಗಳು ಬಂದರಿನಲ್ಲಿರಲಿಲ್ಲ. ಮೋಡವೂ ಹೊಗೆಯೂ ದೃಷ್ಟಿಯನ್ನು ಮರೆಮಾಡಿದ್ದವು. ಎಚ್ಚೆತ್ತ ತೋಪುಗಳ ಮುಂದೆ ಆ ಅಲೆಯ 14 ಡೈವ್ ಬಾಂಬರುಗಳು ನಷ್ಟವಾದವು. 1942ರ ಫೆಬ್ರವರಿ 19ರ ಡಾರ್ವಿನ್ ದಾಳಿಯಲ್ಲಿಯೂ ಈತನು ಮುಂದಾಳಾಗಿದ್ದನು.

ಈತನ ಕೌಶಲದ ಪರಮಾವಧಿಯನ್ನು ಕಾಣಬೇಕಾದರೆ ನಾವು ನಮ್ಮ ಹಿಂದೂ ಮಹಾಸಾಗರಕ್ಕೇ ಬರಬೇಕು. 1942ರ ಏಪ್ರಿಲ್ 5ರ ಮಧ್ಯಾಹ್ನ, ಕೊಲಂಬೊದಿಂದ ಹೊರಟು ಅಡ್ಮಿರಲ್ ಸೋಮರ್‌ವಿಲ್ಲನ ನೌಕಾಬಲವನ್ನು ಕೂಡಿಕೊಳ್ಳಲು ಧಾವಿಸುತ್ತಿದ್ದ ‘ಡಾರ್ಸೆಟ್‌ಶೈರ್’ ಮತ್ತು ‘ಕಾರ್ನ್‌ವಾಲ್’ ಎಂಬ ಬ್ರಿಟಿಷ್ ಕ್ರೂಸರುಗಳನ್ನು, ಎಗುಸಾನ ಅಧೀನದಲ್ಲಿದ್ದ 53 ವಿಮಾನಗಳು ಅಡ್ಡಗಟ್ಟಿದವು. ಹಿಂದಿನ ವರ್ಷ ಜರ್ಮನರ ‘ಬಿಸ್ಮಾರ್ಕ್’ ಯುದ್ಧನೌಕೆಯ ಮೇಲೆ ಕಡೆಯ ಟಾರ್ಪೀಡೋಗಳನ್ನು ಎಸೆದಿದ್ದ ‘ಡಾರ್ಸೆಟ್‌ಶೈರ್’ ಎಂಟೇ ನಿಮಿಷಗಳಲ್ಲಿ ನೀರುಪಾಲಾಯಿತು. ‘ಕಾರ್ನ್‌ವಾಲ್’ ಕೂಡ ಅರ್ಧ ಗಂಟೆಯೊಳಗೆ ಅದೇ ಗತಿಯನ್ನು ಹೊಂದಿತು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ವಿಮಾನವಿರೋಧಿ ತೋಪುಗಳು ತಿರುಗಲಾರದ ಮೂತಿಯ ದಿಕ್ಕಿನಿಂದಲೇ ಎರಗಿದ್ದು ಈ ಜಯದ ಮರ್ಮ. 424 ಮಂದಿ ನಾವಿಕರು ಮಡಿದರು. ಉಳಿದ 1122 ಮಂದಿ ಮರುದಿನ ಸಂಜೆಯವರೆಗೆ ಎಣ್ಣೆ ತುಂಬಿದ ನೀರಿನಲ್ಲಿ ಜೀವ ಹಿಡಿದುಕೊಂಡಿದ್ದರೆಂಬುದನ್ನು ಆ ಕೌಶಲದ ಪ್ರಶಂಸೆ ಮರೆಸಕೂಡದು. (ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದದ್ದು ಜಪಾನೀ ಅಡ್ಮಿರಲ್ ಓಜಾವನ ಪ್ರತ್ಯೇಕ ನೌಕಾಬಲದಿಂದ, ಅದರಲ್ಲಿ ಎಗುಸಾನ ಪಾಲಿಲ್ಲ.)

ಎರಡು ತಿಂಗಳು ಕಳೆಯುವುದರೊಳಗೆ ಪಾತ್ರಗಳು ಅದಲುಬದಲಾದವು. ಜೂನ್ 4ರಂದು ಮಿಡ್‌ವೇ ಬಳಿ, ಶತ್ರುನೌಕೆಗಳು ಗೋಚರಿಸಿದರೆ ಎರಗಲೆಂದು ‘ಸೋರ್ಯು’ವಿನ ಡೈವ್ ಬಾಂಬರುಗಳನ್ನು ಕಾಯ್ದಿರಿಸಲಾಗಿದ್ದಿತು, ಅವು ಮೇಲೇರುವ ಮೊದಲೇ ‘ಯಾರ್ಕ್‌ಟೌನ್’ನಿಂದ ಬಂದ ಡೈವ್ ಬಾಂಬರುಗಳ ಮೂರು ಬಾಂಬುಗಳು ನೌಕೆಯನ್ನು ಅಗ್ನಿಗಾಹುತಿಯಾಗಿಸಿದವು. ತೀವ್ರವಾಗಿ ಸುಟ್ಟುಕೊಂಡ ಎಗುಸಾನನ್ನು ರಕ್ಷಿಸಿ ತರಲಾಯಿತು. ನೌಕೆಗಳನ್ನು ಮತ್ತೆ ಕಟ್ಟಬಹುದಾಗಿತ್ತು. ಇಂಥವರನ್ನು ತಯಾರಿಸುವ ವರ್ಷಗಳು ಮಾತ್ರ ಜಪಾನಿಗೆ ಉಳಿದಿರಲಿಲ್ಲವೆಂಬುದೇ ನನ್ನ ಅಭಿಪ್ರಾಯ.

ಚೇತರಿಸಿಕೊಂಡ ಈತನು 521ನೆಯ ವಿಮಾನದಳವನ್ನು ವಹಿಸಿಕೊಂಡು, ಅವಳಿ ಎಂಜಿನಿನ ‘ಗಿಂಗಾ’ ಬಾಂಬರುಗಳೊಡನೆ ಮರಿಯಾನಾ ದ್ವೀಪಗಳ ರಕ್ಷಣೆಗೆ ತೆರಳಿ, ಅಮೆರಿಕನ್ನರು ಸೈಪಾನಿನಲ್ಲಿ ಇಳಿದ 1944ರ ಜೂನ್ 15ರಂದೇ ಅವರ ನೌಕಾಬಲದ ಮೇಲೆ ನಡೆಸಿದ ದಾಳಿಯಲ್ಲಿ ಹತನಾದನು. ಆ ವೇಳೆಗೆ ಅಮೆರಿಕನ್ನರ ರಾಡಾರ್ ದೂರದಿಂದಲೇ ವಿಮಾನಗಳನ್ನು ಗುರುತಿಸಿ ಹೋರಾಟದ ವಿಮಾನಗಳನ್ನು ಎದುರಿಗೆ ಕಳುಹಿಸುತ್ತಿತ್ತು. ತೋಪಿನ ಗುಂಡುಗಳು ವಿಮಾನದ ಸಮೀಪ ಬಂದೊಡನೆ ತಾವಾಗಿಯೇ ಸಿಡಿಯುತ್ತಿದ್ದವು.