ಬಟರ್‌ಫ್ಲೈ ಅಂಚಿನ ಸಂದು: ಥ್ರಾಟಲ್ ಬೋರಿಂಗ್ ನಂತರದ ಐಡ್ಲಿಂಗ್ ತೊಂದರೆಗಳ ಅಧ್ಯಯನ

ಪಶ್ಚಿಮ ಬೆಂಗಳೂರಿನಲ್ಲಿ ಲೇತ್ ಅಂಗಡಿಗೂ ಕಾರು ಗ್ಯಾರೇಜಿಗೂ ದೂರ ಕಡಿಮೆ. ರಾಜಾಜಿನಗರ ಕೈಗಾರಿಕಾ ವಸಾಹತು, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ, ಆಚೆಗೆ ಪೀಣ್ಯ: ಲೋಹ ಕಡೆಯುವ, ಕೊರೆಯುವ ಕೆಲಸ ಈ ಪಟ್ಟಿಯಲ್ಲಿ ದಶಕಗಳಿಂದ ನೆಲೆಯೂರಿದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇರುವುದೂ ರಾಜಾಜಿನಗರದಲ್ಲೇ. ಹೀಗಾಗಿ ವಿಜಯನಗರದಿಂದ ಕೆಂಗೇರಿವರೆಗಿನ ಕಾರು ಪ್ರಿಯರಿಗೆ ಥ್ರಾಟಲ್ ಬಾಡಿ ಬೋರ್ ಮಾಡಿಸುವುದು ಕೈಗೆಟುಕುವ ಕೆಲಸ. ಗಾಳಿ ಹೋಗುವ ದಾರಿ ಹಿಗ್ಗಿದರೆ ಪಿಕಪ್ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ಆಸೆ.

ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. 48 ಮಿಲಿಮೀಟರ್ ಬೋರನ್ನು 52ಕ್ಕೆ ಏರಿಸಿದರೆ ವಿಸ್ತೀರ್ಣ ಶೇ 17ರಷ್ಟು ಹೆಚ್ಚುತ್ತದೆ. ಆದರೆ ತೊಂದರೆ ಹುಟ್ಟುವುದು ದಾರಿ ತೆರೆದಾಗಲ್ಲ, ಮುಚ್ಚಿದಾಗ. ನಾಯಂಡಹಳ್ಳಿ ಜಂಕ್ಷನ್‌ನಲ್ಲಿ ಕಾಲು ತೆಗೆದರೂ ಎಂಜಿನ್ 1,500 ಆರ್‌ಪಿಎಂನಿಂದ ಇಳಿಯುವುದಿಲ್ಲ, ಅಥವಾ ಏರುತ್ತ ಇಳಿಯುತ್ತ ಹಂಟಿಂಗ್ ಮಾಡುತ್ತದೆ, ಅಥವಾ ಎಸಿ ಹಾಕಿದೊಡನೆ ಆಫ್ ಆಗುತ್ತದೆ. ಇವಕ್ಕೆ ಸಾಮಾನ್ಯವಾಗಿ ಸೆನ್ಸರನ್ನೋ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವನ್ನೋ ದೂರಲಾಗುತ್ತದೆ. ಬೋರ್ ಮಾಡಿಸಿದ ಕಾರಿನ ಐಡ್ಲಿಂಗ್ ತೊಂದರೆ ಎಲೆಕ್ಟ್ರಾನಿಕ್ಸ್‌ಗಿಂತ ಮೊದಲು ಅಳತೆಯ ತೊಂದರೆ, ಆದ್ದರಿಂದ ಪರಿಶೀಲನೆ ಗಾಳಿಯ ದಾರಿಯನ್ನು ಮುಚ್ಚುವ ತಗಡಾದ ಬಟರ್‌ಫ್ಲೈ ಅಂಚಿನಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಎರಡು ಗ್ರಾಂ ಗಾಳಿ

1.2 ಲೀಟರಿನ ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ 750 ಆರ್‌ಪಿಎಂನಲ್ಲಿ ನಿಲ್ಲಲು ಸೆಕೆಂಡಿಗೆ ಹೆಚ್ಚುಕಡಿಮೆ 2 ಗ್ರಾಂ ಗಾಳಿ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಇಲ್ಲಿನ ವಾಯುಭಾರ ಸುಮಾರು 91 ಕಿಲೋಪಾಸ್ಕಲ್. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗಿನ ಒತ್ತಡ 30ರಿಂದ 40ರ ನಡುವೆ ಇರುತ್ತದೆ. ಒಳಗಿನ ಒತ್ತಡ ಹೊರಗಿನದರ ಶೇ 53ಕ್ಕಿಂತ ಕೆಳಗಿಳಿದಾಗ ಸಂದಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಂದಾಚೆಗೆ ಎಂಜಿನ್ ಎಷ್ಟೇ ಎಳೆದರೂ ಒಳಬರುವ ಗಾಳಿ ಹೆಚ್ಚುವುದಿಲ್ಲ. ಅದನ್ನು ಮುಖ್ಯವಾಗಿ ನಿರ್ಧರಿಸುವುದು ಸಂದಿನ ವಿಸ್ತೀರ್ಣ ಮತ್ತು ಹೊರಗಿನ ವಾಯುಭಾರ.

ಈಗ 52 ಮಿಲಿಮೀಟರ್ ಬೋರಿನ ಸುತ್ತ 0.05 ಮಿಲಿಮೀಟರ್, ಲೇತ್ ಕೆಲಸದವರ ಮಾತಿನಲ್ಲಿ ಎರಡು ಥೌ, ಸಂದು ಉಳಿದಿದೆ ಎಂದುಕೊಳ್ಳೋಣ. ಸುತ್ತಳತೆಯಿಂದ ಗುಣಿಸಿದರೆ 8.2 ಚದರ ಮಿಲಿಮೀಟರ್. ಅಂದರೆ ಮೂರು ಮಿಲಿಮೀಟರಿಗೂ ತುಸು ದಪ್ಪನೆಯ ಒಂದು ತೂತು. ಅಲ್ಲಿ ಸೆಕೆಂಡಿಗೆ ಸುಮಾರು 1.2 ಗ್ರಾಂ ಗಾಳಿ ನುಗ್ಗುತ್ತದೆ. ಎಂಜಿನ್ನಿಗೆ ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಯಾರ ಅಪ್ಪಣೆಯೂ ಇಲ್ಲದೆ ಒಳಬಂದಾಯಿತು. ಸಂದು ಇನ್ನೆರಡು ಥೌ ಹೆಚ್ಚಾದರೆ ಐಡ್ಲಿಂಗ್ ಗಾಳಿಯನ್ನು ಹೊಂದಿಸುವ ಐಡಲ್ ಕಂಟ್ರೋಲ್ ವಾಲ್ವ್ ಪೂರ್ತಿ ಮುಚ್ಚಿಕೊಂಡರೂ ಆರ್‌ಪಿಎಂ ಇಳಿಯದು.

ಲೇತ್ ಮೇಲೆ ಹುಟ್ಟುವ ದೋಷ

ಬಟರ್‌ಫ್ಲೈ ಪೂರ್ತಿ ಗುಂಡಗಿರುವುದಿಲ್ಲ. ಮುಚ್ಚಿದಾಗ ಅದು ಬೋರಿಗೆ ಕೆಲವು ಡಿಗ್ರಿ ಓರೆಯಾಗಿ ನಿಲ್ಲುವಂತೆ ತುಸು ಅಂಡಾಕಾರದಲ್ಲಿ ತಯಾರಾಗಿರುತ್ತದೆ. 52 ಮಿಲಿಮೀಟರ್ ಬೋರಿನಲ್ಲಿ 5 ಡಿಗ್ರಿ ಓರೆಯಿದ್ದರೆ ಅದರ ಉದ್ದದ ಅಳತೆ 52.2 ಆಗಬೇಕು. ಸರಳವಾಗಿ ಗುಂಡು ತಗಡು ಕತ್ತರಿಸಿದರೆ ಅದು ಬೋರಿಗೆ ನೇರ ಅಡ್ಡ ನಿಂತು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳದಿರಲಿ ಎಂದು ಅಂಚನ್ನು ಅರದಿಂದ ತೀಡಿದರೆ ಸಂದು ಬಿಡುತ್ತದೆ. ಆದ್ದರಿಂದ ತಗಡನ್ನು ಅದೇ ಕೋನದಲ್ಲಿ ಓರೆ ಕತ್ತರಿಸಿದ ದಿಂಡಿಗೆ ಬಿಗಿದು ಕಡೆಯುವುದೇ ಸರಿಯಾದ ಕ್ರಮ.

ಇನ್ನೊಂದು ದೋಷ ಬೋರಿನದು. ಥ್ರಾಟಲ್ ಬಾಡಿ ತೆಳು ಗೋಡೆಯ ಅಲ್ಯುಮಿನಿಯಂ ಎರಕ. ಮೂರು ದವಡೆಯ ಚಕ್ಕಿನಲ್ಲಿ ಬಿಗಿದಾಗ ಅದು ಹಿಂಡಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಗುಂಡಗೆ ಕೊರೆದದ್ದು ಚಕ್ ಸಡಿಲಿಸಿದೊಡನೆ ಆಕಾರ ಬಿಡುತ್ತದೆ. ಫೇಸ್‌ಪ್ಲೇಟಿಗೆ ಅಥವಾ ಹೊಂದುವ ಫಿಕ್ಸ್ಚರಿಗೆ ಬೋಲ್ಟ್ ಹಾಕಿ ಕೂರಿಸಿದರೆ ಈ ತೊಂದರೆ ತಪ್ಪುತ್ತದೆ. ಎರಡು ಬಿಂದುವಿನ ಬೋರ್ ಗೇಜಿನಲ್ಲಿ ಅಳೆದರೆ ಈ ಮೂರು ಮೂಲೆಯ ವಿಕಾರ ಗೊತ್ತಾಗದೆ ಹೋಗಬಹುದು, ಮೂರು ಬಿಂದುವಿನ ಗೇಜನ್ನು ತಿರುಗಿಸುತ್ತ ಅಳೆಯಬೇಕು.

ಜೋಡಣೆಯಲ್ಲೂ ಎಚ್ಚರ ಬೇಕು. ತಗಡಿನ ಸ್ಕ್ರೂಗಳನ್ನು ಅರೆಬರೆ ಬಿಗಿದು, ಬಟರ್‌ಫ್ಲೈಯನ್ನು ನಾಲ್ಕಾರು ಸಲ ಮುಚ್ಚಿಬಿಟ್ಟು, ಅದು ತಾನಾಗಿ ಮಧ್ಯಕ್ಕೆ ಕುಳಿತ ಮೇಲೆಯೇ ಬಿಗಿಯಬೇಕು. ಆಮೇಲೆ ಸ್ಕ್ರೂ ಬಿಚ್ಚಿಕೊಳ್ಳದಂತೆ ಅಂಟು ಹಾಕಿ ತುದಿ ಬಡಿಯಬೇಕು. ಬಿಚ್ಚಿದ ಸ್ಕ್ರೂ ನೇರ ಸಿಲಿಂಡರಿಗೆ ಬೀಳುತ್ತದೆ.

ಇಸಿಯುಗೆ ಕಾಣುವುದು

ಹೊಸ ತಗಡು ಹಳೆಯದಕ್ಕಿಂತ ಬೇರೆ ಕೋನದಲ್ಲಿ ಮುಚ್ಚಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ಕೊಡುವ ವೋಲ್ಟೇಜೂ ಬದಲಾಗುತ್ತದೆ. ಕೇಬಲ್ ಇರುವ ಅನೇಕ ಕಾರುಗಳಲ್ಲಿ ಮುಚ್ಚಿದ ಸ್ಥಿತಿಗೆ ಸುಮಾರು 0.5 ವೋಲ್ಟ್ ಬರುತ್ತದೆ. ಪ್ರತಿ ಡಿಗ್ರಿಗೆ ಸುಮಾರು 0.045 ಏರುತ್ತದೆ. ಮೂರು ಡಿಗ್ರಿ ವ್ಯತ್ಯಾಸವಾದರೆ ಚಾಲಕ ಇನ್ನೂ ಆಕ್ಸಿಲರೇಟರ್ ಒತ್ತಿದ್ದಾನೆಂದು ಇಸಿಯು ತಿಳಿಯಬಹುದು. ಆಗ ಅದು ಐಡ್ಲಿಂಗ್ ನಿಯಂತ್ರಣಕ್ಕೆ ಇಳಿಯುವುದೇ ಇಲ್ಲ.

ಹಂಟಿಂಗ್‌ನ ಕಾರಣ ಇದಕ್ಕೆ ತದ್ವಿರುದ್ಧ. ಸೆನ್ಸರ್ ‘ಮುಚ್ಚಿದೆ’ ಎನ್ನುತ್ತಿದೆ, ಸಂದಿನ ಗಾಳಿ ಆರ್‌ಪಿಎಂ ಏರಿಸುತ್ತಿದೆ. ಕಾರು ಇಳಿಜಾರಿನಲ್ಲಿ ಉರುಳುತ್ತಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ, ಪೆಟ್ರೋಲ್ ಮತ್ತೆ ಬರುತ್ತದೆ, ಆರ್‌ಪಿಎಂ ಮತ್ತೆ ಏರುತ್ತದೆ. ಇಲ್ಲಿ ಇಸಿಯು ಬದಲಿಸಿ ಪ್ರಯೋಜನವಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಪರಿಶೀಲನೆಯ ಕ್ರಮ

ಮೊದಲು ಥ್ರಾಟಲ್ ಬಾಡಿ ಬಿಚ್ಚಿ, ಬಟರ್‌ಫ್ಲೈ ಮುಚ್ಚಿ, ಹಿಂದಿನಿಂದ ಬೆಳಕು ಬಿಡಬೇಕು. ಅಂಚಿನ ಸುತ್ತ ಸಮನಾದ ಸಣ್ಣ ಗೆರೆ ಕಂಡರೆ ಪರವಾಗಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಕತ್ತಲೆಯಾದರೆ ತಗಡು ಮಧ್ಯಕ್ಕೆ ಕುಳಿತಿಲ್ಲ. ಬಳಿಕ ಫೀಲರ್ ಗೇಜ್ ಹಾಕಿ ಅಳೆಯಬೇಕು. ಕೆಲವು ಕಂಪನಿಗಳು ಅಂಚಿಗೆ ಸಂದು ಮುಚ್ಚುವ ಲೇಪ ಹಚ್ಚಿರುತ್ತವೆ. ಬೋರಿಂಗ್ ಅದನ್ನು ಕಿತ್ತುಹಾಕುತ್ತದೆ, ಪ್ರಬಲವಾದ ಕ್ಲೀನರ್ ಕೂಡ.

ಎರಡನೆಯದು ಹೊರಗಿನ ಸೋರಿಕೆ: ಪ್ಯಾಕಿಂಗ್, ಬ್ರೇಕ್ ಬೂಸ್ಟರ್ ಪೈಪು, ಪಿಸಿವಿ ಪೈಪು. ಇದಕ್ಕೆ ಹೊಗೆ ಯಂತ್ರ ಸುರಕ್ಷಿತ. ಸ್ಕ್ಯಾನರ್ ಇದ್ದರೆ ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಮಾಡುವ ತಿದ್ದುಪಡಿ, ಅಂದರೆ ಫ್ಯೂಯಲ್ ಟ್ರಿಮ್, ನೋಡಬಹುದು, ಆದರೆ ಅದರ ಅರ್ಥ ಕಾರಿನಿಂದ ಕಾರಿಗೆ ಬದಲಾಗುತ್ತದೆ. ಗಾಳಿಯ ತೂಕ ಅಳೆಯುವ ಮ್ಯಾಫ್ ಸೆನ್ಸರ್ ಬಟರ್‌ಫ್ಲೈಗಿಂತ ಮುಂಚೆಯೇ ಇರುವುದರಿಂದ ಅಂಚಿನ ಸಂದಿನ ಗಾಳಿ ಲೆಕ್ಕಕ್ಕೆ ಬಂದಿರುತ್ತದೆ. ಆರ್‌ಪಿಎಂ ಹೆಚ್ಚಿದ್ದು ಟ್ರಿಮ್ ಸರಿಯಾಗಿದ್ದರೆ ತಪ್ಪು ಅಂಚಿನದು. ಟ್ರಿಮ್ ಐಡ್ಲಿಂಗ್‌ನಲ್ಲಿ ಏರಿ 2,500ರಲ್ಲಿ ಇಳಿದರೆ ತಪ್ಪು ಪೈಪು ಅಥವಾ ಪ್ಯಾಕಿಂಗಿನದು. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಮ್ಯಾಪ್ ಸೆನ್ಸರ್ ಒತ್ತಡವನ್ನಷ್ಟೇ ಅಳೆಯುತ್ತದೆ, ಈ ಎರಡನ್ನು ಬೇರ್ಪಡಿಸಿ ತೋರಿಸದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನೂ ನೆನಪಿಡಬೇಕು: ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರಿನಲ್ಲಿ ಅದು ಸೋರಿಕೆಯಿಲ್ಲದೆಯೂ ಟ್ರಿಮ್ ಏರಿಸುತ್ತದೆ, ಅದೂ ಎಲ್ಲ ಆರ್‌ಪಿಎಂನಲ್ಲಿ.

ಮೂರನೆಯದು ಸೆನ್ಸರಿನ ವೋಲ್ಟೇಜ್. ಕೊನೆಯದು ಐಡಲ್ ಲರ್ನಿಂಗ್. ಹೋಂಡಾ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ 3,000 ಆರ್‌ಪಿಎಂನಲ್ಲಿ ನಡೆಸಿ, ನಂತರ ಆಕ್ಸಿಲರೇಟರ್ ಮುಟ್ಟದೆ ಸುಮಾರು 5 ನಿಮಿಷ ಐಡ್ಲಿಂಗ್‌ನಲ್ಲಿ ಬಿಡುತ್ತಾರೆ. ಮೊದಲ ಮೂರು ಸರಿಯಾಗದೆ ಇದನ್ನು ಮಾಡಿದರೆ ಇಸಿಯು ತಪ್ಪನ್ನೇ ಕಲಿಯುತ್ತದೆ. ಪಿ0507 ಕೋಡ್ ಆರ್‌ಪಿಎಂ ಹೆಚ್ಚಿದೆ ಎಂದಷ್ಟೇ ತಿಳಿಸುತ್ತದೆ, ಕಾರಣವನ್ನಲ್ಲ.

ತಗಡು ಮುಚ್ಚುವ ಮಿತಿಯನ್ನು ಹಿಡಿಯುವ, ಕಂಪನಿ ಸೀಲ್ ಮಾಡಿದ ಸ್ಟಾಪ್ ಸ್ಕ್ರೂ ತಿರುಗಿಸುವುದು ಈ ಕ್ರಮದಲ್ಲಿ ಎಲ್ಲೂ ಇಲ್ಲ. ವಿಜಯನಗರದಲ್ಲಿ ಸ್ಕ್ರೂ ತಿರುಗಿಸಿ ಎಂಜಿನ್ ಆಫ್ ಆಗದಂತೆ ಮಾಡಿದರೂ, ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದಾಗ ಅದೇ ಸಂದಿನಲ್ಲಿ ಸುಮಾರು ಶೇ 11ರಷ್ಟು ಹೆಚ್ಚು ಗಾಳಿ ನುಗ್ಗುತ್ತದೆ. ಕಂಟ್ರೋಲ್ ವಾಲ್ವಿಗೆ ಮುಚ್ಚಲು ಜಾಗ ಉಳಿದಿರದಿದ್ದರೆ ಅಲ್ಲಿ ಆರ್‌ಪಿಎಂ ಏರಿಯೇ ಏರುತ್ತದೆ.

ಹೊಗೆ ತಪಾಸಣೆ, ಕಾನೂನು, ತರಬೇತಿ

ಐಡ್ಲಿಂಗ್ ಚಾಲಕನ ನೆಮ್ಮದಿಯ ವಿಷಯ ಮಾತ್ರವಲ್ಲ. ಬಿಎಸ್4 ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ಉಗುಳಬಹುದಾದ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ. ಹಂಟಿಂಗ್ ಮಾಡುವ ಎಂಜಿನ್ ಈ ಮಿತಿಯೊಳಗೆ ನಿಲ್ಲುವುದು ಕಷ್ಟ. ವಾಹನದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಯಂತ್ರಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಲಾಗದು ಎಂದಿತು.

ಬೋರಿಂಗ್‌ಗೆ ಮುನ್ನವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹೆಚ್ಚಿನ ಆರ್‌ಪಿಎಂನಲ್ಲಿ ಮ್ಯಾನಿಫೋಲ್ಡ್ ಒತ್ತಡ ಓದಿಕೊಂಡಾಗ ಅದು 91 ಕಿಲೋಪಾಸ್ಕಲ್ ಹತ್ತಿರ, 88 ಅಥವಾ 89 ತೋರಿಸಿದರೆ ಈಗಿನ ಥ್ರಾಟಲ್ ಎಂಜಿನ್ನನ್ನು ತಡೆಯುತ್ತಿಲ್ಲ. ಅಂಥ ಕಾರಿಗೆ ದೊಡ್ಡ ಬೋರಿನಿಂದ ಸಿಗುವುದು ಆಕ್ಸಿಲರೇಟರ್ ತುಸು ಮುಟ್ಟಿದಾಗಿನ ಚುರುಕು ಮಾತ್ರ. ಹೆಚ್ಚುವರಿ ಶಕ್ತಿ ಬಹುಮಟ್ಟಿಗೆ ಇಲ್ಲ.

ಐಟಿಐಗಳಲ್ಲಿ ಟರ್ನರ್ ಮತ್ತು ಮೋಟಾರು ವಾಹನ ಮೆಕ್ಯಾನಿಕ್ ಎರಡು ಬೇರೆ ಬೇರೆ ತರಬೇತಿಗಳು. ಈ ಲೇಖನ ಪರಿಶೀಲಿಸಿದ ದೋಷ ಅವೆರಡರ ನಡುವೆ ಕುಳಿತಿದೆ: ಸಂದು ಹುಟ್ಟುವುದು ಲೇತ್ ಮೇಲೆ, ಕಾಣಿಸಿಕೊಳ್ಳುವುದು ಸ್ಕ್ಯಾನರ್ ಮೇಲೆ. ಎರಡೂ ವಿಭಾಗದ ವಿದ್ಯಾರ್ಥಿಗಳು ಒಂದೇ ಥ್ರಾಟಲ್ ಬಾಡಿಯನ್ನು ಕೊರೆದು, ಅಳೆದು, ಕಾರಿಗೆ ಕೂರಿಸಿ ನೋಡುವ ಜಂಟಿ ಅಭ್ಯಾಸವನ್ನು ರಾಜಾಜಿನಗರ–ಪೀಣ್ಯ ಪಟ್ಟಿಯಲ್ಲೇ ಆರಂಭಿಸಬಹುದು. ಗ್ಯಾರೇಜುಗಳೂ ಬೋರಿನ ಎರಡು ದಿಕ್ಕಿನ ಅಳತೆ, ಅಂಚಿನ ಸಂದು, ಸೆನ್ಸರ್ ವೋಲ್ಟೇಜ್, ಬಿಸಿ ಎಂಜಿನ್ನಿನ ಆರ್‌ಪಿಎಂ ಈ ನಾಲ್ಕನ್ನು ಕೆಲಸದ ಚೀಟಿಯಲ್ಲಿ ಬರೆದುಕೊಟ್ಟರೆ, ಮುಂದಿನ ಮೆಕ್ಯಾನಿಕ್ ಎಲ್ಲಿಂದ ಹುಡುಕಬೇಕೆಂಬುದು ಅವನ ಕೈಯಲ್ಲೇ ಇರುತ್ತದೆ.